ಬಿಂದುಮಾಧವ ರಾಯರ ಉಪ್ಪಿಟ್ಟಿನ ದಿಗ್ವಿಜಯ

ಮೊದಲನೆಯ ನಮಸ್ಕಾರ, ವಿಘ್ನಗಳನ್ನು ಒಡ್ಡುವವನೂ ಕಳೆಯುವವನೂ ತಾನೇ ಆದ ಡೊಳ್ಳುಹೊಟ್ಟೆಯ ದೇವರಿಗೆ. ಎರಡನೆಯದು, ಹಿಂದೆ ಖಾಂಡವವನವನ್ನೇ ಉಂಡು ತೇಗಿ, ಈಗ ಕಾಲಮಹಿಮೆಯಿಂದ ಕಬ್ಬಿಣದ ಸಿಲಿಂಡರಿನೊಳಗೆ ಸದ್ದಿಲ್ಲದೆ ಕುಳಿತಿರುವ ಅಗ್ನಿದೇವನಿಗೆ. ಮೂರನೆಯದು, ಯಾವ ತಪಸ್ಸಿಗೂ ಕರಗದ, ಯಾವ ಶಾಪಕ್ಕೂ ಬೆದರದ, ದುಂಡನೆಯ ನೀಲಿ ಮೈಯ ಪುರಸಭೆಯ ಮೊಹರಿಗೆ. ಈ ಮೂವರೂ ಪ್ರಸನ್ನರಾದರೆ ಮಾತ್ರ ನಮ್ಮ ಕಾಲದಲ್ಲಿ ಒಬ್ಬ ಮನುಷ್ಯ ಇನ್ನೊಬ್ಬ ಮನುಷ್ಯನಿಗೆ ಒಂದು ತಟ್ಟೆ ಉಪ್ಪಿಟ್ಟನ್ನು ಮಾರಬಹುದು. ಸಜ್ಜನರಾದ ಕೇಳುಗರು ಕೈಕಾಲು ತೊಳೆದು, ಎಲೆಯಡಿಕೆ ಉಗಿದು, ಮನಸ್ಸಿಟ್ಟು ಕೇಳಬೇಕು.

ದ್ವಾಪರ ಕಳೆದು ಬಹಳ ಕಾಲವಾಗಿತ್ತು. ಧರ್ಮವು ಒಂಟಿ ಕಾಲಿನ ಮೇಲೆ ನಿಂತಿತ್ತು. ಆ ಒಂದು ಕಾಲನ್ನೂ ಸಿರಿಗುಂದದ ಸಂತೆಯ ದಿನದ ಬಸ್ಸಿನಲ್ಲಿ ಯಾರೋ ತುಳಿದಿದ್ದರು. ಅಂಥ ಕಾಲದಲ್ಲಿ, ಅಂಥ ಬಸ್ಸಿನಲ್ಲಿ, ಸ್ವಸ್ತಿ ಸಮಸ್ತ ಪ್ರಯಾಣಿಕ-ಸ್ತೂಯಮಾನನೂ, ಚಿಲ್ಲರೆ-ಕಲಹ-ಸಾಗರ-ಮಂದರನೂ, ಫುಟ್‌ಬೋರ್ಡ್-ನೇತಾಡುವವರ-ಗಂಡನೂ, ಟಿಕೆಟ್‌ರಹಿತ-ಮದಗಜ-ಪಂಚಾನನನೂ, ಕಿವಿಸಂದಿಯಲ್ಲಿ ಪೆನ್ಸಿಲನ್ನು ಗಾಂಡೀವದಂತೆ ಧರಿಸಿದವನೂ ಆದ ಕಂಡಕ್ಟರ್ ಬಿಂದುಮಾಧವ ರಾಯರು ಸೇವೆ ಸಲ್ಲಿಸಿ, ಯಾರ ಬಾಯಿಂದಲೂ 'ಚೆನ್ನಾಗಿದೆ' ಎನ್ನಿಸಿಕೊಳ್ಳದೆ, ಯಾರ ಬಾಯಿಂದಲೂ 'ಕಳ್ಳ' ಎನ್ನಿಸಿಕೊಳ್ಳದೆ ನಿವೃತ್ತರಾದರು. ಅವರ ಸೀಟಿಗೆ ಎಂಥ ಶಕ್ತಿಯಿತ್ತೆಂದರೆ, ಅದನ್ನು ಒಮ್ಮೆ ಊದಿದರೆ ಬಸ್ಸು ಮಾತ್ರವಲ್ಲ, ಪಕ್ಕದ ಎತ್ತಿನ ಗಾಡಿಯೂ ನಿಲ್ಲುತ್ತಿತ್ತು.

ವೀರನಿಗೆ ಸಾರಥಿ ಬೇಕಷ್ಟೆ. ಆ ರಥವನ್ನು ಅಷ್ಟೂ ವರ್ಷ ನಡೆಸಿದವರು ಡ್ರೈವರ್ ದಸ್ತಗೀರ್ ಸಾಹೇಬರು. ಇಬ್ಬರ ನಡುವೆ ಮಾತು ಕಡಿಮೆ. ಒಂದು ಸೀಟಿಗೆ ನಿಲ್ಲುವುದು, ಎರಡು ಸೀಟಿಗೆ ಹೊರಡುವುದು, ಅಷ್ಟರಲ್ಲೇ ಸ್ನೇಹ ಹಣ್ಣಾಗಿತ್ತು. ಆ ಸ್ನೇಹಕ್ಕೆ ನೀರೆರೆದದ್ದು ರಾಯರ ಹೆಂಡತಿ ವೇಣೂಬಾಯಿಯ ಬುತ್ತಿ. ಆಕೆ ಕಟ್ಟಿಕೊಡುತ್ತಿದ್ದ ಕ್ಯಾರಿಯರಿನಲ್ಲಿ ಒಂದು ಡಬ್ಬಿ ರಾಯರದು, ಇನ್ನೊಂದು ಸಾಹೇಬರದು. ಬೆಳಗಿನ ಮೊದಲ ಬಸ್ಸಿನ ಜನ, ಕಂಡಕ್ಟರು ಡ್ರೈವರುಗಳು, ಬರಿಹೊಟ್ಟೆಯಲ್ಲಿ ಚಹಾ ಕುಡಿದು ಹೊರಡುವುದನ್ನು ಕೇಳಿ ಆಕೆ ಆಗಾಗ ಹೇಳುತ್ತಿದ್ದಳು: ನೀವು ರಿಟೈರಾದ ಮೇಲೆ ಬಸ್ ಸ್ಟ್ಯಾಂಡಿನಲ್ಲೇ ಒಂದು ಸಣ್ಣ ತಿಂಡಿ ಅಂಗಡಿ ಇಡೋಣ, ಆ ಮಕ್ಕಳಿಗೆ ಒಂದು ಬಿಸಿ ತುತ್ತು ಸಿಗಲಿ. ರಾಯರು ಹೂಂ ಎಂದಿದ್ದರು. ಅವರು ನಿವೃತ್ತರಾಗುವ ಹೊತ್ತಿಗೆ ವೇಣೂಬಾಯಿ ಇರಲಿಲ್ಲ.

ಆಕೆ ಬಿಟ್ಟುಹೋದ ಸೀರೆಗಳನ್ನು ತಂಗಿ ಒಯ್ದಳು. ಪಾತ್ರೆಗಳು ರಾಯರಿಗೆ ಉಳಿದವು. ಜೊತೆಗೆ, ಯಾರೂ ಪಾಲು ಕೇಳದ ಇನ್ನೊಂದು ವಸ್ತುವೂ ಅವರಿಗೇ ಉಳಿಯಿತು, ಅದು ಏಕಾದಶಿ. ಆಕೆ ಬದುಕಿರುವ ತನಕ ಪ್ರತಿ ಏಕಾದಶಿಯೂ ತುಳಸಿನೀರಿನಲ್ಲಿ ಕಳೆದವಳು. ಆ ದಿನ ಮನೆಯಲ್ಲಿ ಒಲೆ ಹೊತ್ತುತ್ತಿರಲಿಲ್ಲ. ಹಿಂದೆ ಆ ದಿನಗಳಲ್ಲಿ ಡ್ಯೂಟಿ ಹಾಕಿಸಿಕೊಂಡು ಪರವೂರಿನ ಹೋಟೆಲುಗಳಲ್ಲಿ ಹೊಟ್ಟೆ ನೋಡಿಕೊಳ್ಳುತ್ತಿದ್ದ ರಾಯರು ಈಗ ತಾವೇ ವ್ರತ ಹಿಡಿದರು. ಯಾರೂ ಹೇಳಲಿಲ್ಲ. ಹೇಳಬೇಕಾದವಳು ಇರಲಿಲ್ಲವಾದ್ದರಿಂದಲೇ ಹಿಡಿದರು.

ಇನ್ನು ಅಂಗಡಿಯ ಪರ್ವ. ಬಸ್ ನಿಲ್ದಾಣದ ಮೂಲೆಯಲ್ಲಿ, ಮೂತ್ರಾಲಯದಿಂದ ದೂರವೂ ಹುಬ್ಬಳ್ಳಿ ಬಸ್ಸು ನಿಲ್ಲುವ ಜಾಗಕ್ಕೆ ಹತ್ತಿರವೂ ಆದ ಒಂದು ತಗಡಿನ ಪೆಟ್ಟಿಗೆ ಅಂಗಡಿಯನ್ನು ಪುರಸಭೆ ರಾಯರಿಗೆ ಮಂಜೂರು ಮಾಡಿತು. ಷರತ್ತು ಒಂದೇ: ಇಂತಿಷ್ಟು ದಿನದೊಳಗೆ ತಿಂಡಿ ಮಾರುವ ಪರವಾನಗಿ ಆಗಬೇಕು, ಇಲ್ಲದಿದ್ದರೆ ಪೆಟ್ಟಿಗೆ ಸರದಿಯಲ್ಲಿ ಹಿಂದಿರುವವರಿಗೆ. ಸರದಿಯಲ್ಲಿ ಹಿಂದೆ ಇದ್ದವನು ಮೊಬೈಲಿನ ಕವರು ಮಾರುವ ಒಬ್ಬ ವರ್ತಕ. ಅವನು ದುಷ್ಟನಲ್ಲ, ಆದರೆ ದಿನವೂ ಬಂದು ಅಳತೆಯ ಟೇಪು ಬಿಚ್ಚಿ, ರಾಯರು ಒಳಗಿರುವಾಗಲೇ ಪೆಟ್ಟಿಗೆಯ ಉದ್ದಗಲ ಅಳೆದುಕೊಂಡು ಹೋಗುತ್ತಿದ್ದ. ಹಿಂದೆ ಶಕುನಿಯೂ ಇಷ್ಟು ವಿನಯದಿಂದ ಅರಮನೆಯನ್ನು ಅಳೆದಿರಲಾರ.

ರಾಯರು ಬೋರ್ಡು ಬರೆಸಿದರು: 'ಶ್ರೀ ವೇಣೂಬಾಯಿ ಸಸ್ಯಾಹಾರಿ ಫಾಸ್ಟ್ ಫುಡ್'. ಬರೆದು ಒಣಗಿದ ಬೋರ್ಡನ್ನು ಗೋಡೆಗೆ ಮುಖಮಾಡಿ ಇಟ್ಟರು. ಪರವಾನಗಿ ಬರುವ ತನಕ ಆಕೆಯ ಹೆಸರನ್ನು ಬೀದಿಗೆ ತೋರಿಸಬಾರದೆಂದು. ಆಮೇಲೆ ಹೆಗಲಿಗೆ ಹಳೆಯ ಚರ್ಮದ ಚೀಲವನ್ನು ಏರಿಸಿ, ಕಚೇರಿಗಳೆಂಬ ಏಳು ಸುತ್ತಿನ ಕೋಟೆಗೆ ಮುತ್ತಿಗೆ ಹಾಕಿದರು.

ಆ ಮುತ್ತಿಗೆಯ ಕಥೆಯನ್ನು ಸಾವಿರ ನಾಲಗೆಯ ಆದಿಶೇಷನೂ ಹೇಳಿ ಮುಗಿಸಲಾರ. ಹೇಳಹೊರಟರೆ ಅವನಿಗೂ ಊಟದ ಬಿಡುವು ಎಂದು ಬಾಗಿಲು ಹಾಕಿಬಿಡುತ್ತಾರೆ. ಒಂದು ಬಾಗಿಲಿನಲ್ಲಿ ನಳದ ನೀರು ಕುಡಿಯಲು ಯೋಗ್ಯವೆಂಬ ಪತ್ರ ಕೇಳಿದರು; ಅದೇ ಕಚೇರಿಯವರು ಅದೇ ನಳದ ನೀರನ್ನು ಕುಡಿಯುತ್ತ ಕೇಳಿದರು. ಇನ್ನೊಂದು ಬಾಗಿಲಿನಲ್ಲಿ ಅಡುಗೆಯವನಿಗೆ ಸಾಂಕ್ರಾಮಿಕ ರೋಗವಿಲ್ಲವೆಂದು ತೋರಿಸಬೇಕಾಗಿ, ರಾಯರು ಸರಕಾರಿ ಆಸ್ಪತ್ರೆಯ ಸಾಲಿನಲ್ಲಿ ನಿಂತು, ಆ ಸಾಲಿನಲ್ಲೇ ನೆಗಡಿ ಹಿಡಿಸಿಕೊಂಡು ಬಂದರು. ಸೈಬರ್ ಅಂಗಡಿಯಲ್ಲಿ ಅರ್ಜಿ ತುಂಬಿಸಿದಾಗ 'ವ್ಯಾಪಾರದ ಸ್ವರೂಪ' ಎಂಬಲ್ಲಿ ಉಪ್ಪಿಟ್ಟಿಗೆ ಜಾಗವಿರಲಿಲ್ಲ. ಪಟ್ಟಿಯಲ್ಲಿ ಹತ್ತಿರದ್ದೆಂದರೆ ಹಿಟ್ಟಿನ ಗಿರಣಿ. ಒಂದಷ್ಟು ದಿನ ರಾಯರು ಸರಕಾರದ ದೃಷ್ಟಿಯಲ್ಲಿ ಹಿಟ್ಟಿನ ಗಿರಣಿಯ ಮಾಲೀಕರಾಗಿದ್ದರು. ಆದರೂ ಜೀವಮಾನವೆಲ್ಲ ಜನರ ನಡುವೆ ನುಗ್ಗಿ ಹಿಂದಿನ ಸೀಟಿನ ತನಕ ತಲುಪಿದ ದೇಹ ಅದು. ನುಗ್ಗಿದರು, ತಲುಪಿದರು. ಎಲ್ಲ ಬಾಗಿಲೂ ತೆರೆದವು, ಕೊನೆಯದೊಂದು ಉಳಿಯಿತು.

ಆ ಕೊನೆಯ ಬಾಗಿಲಿನ ದ್ವಾರಪಾಲಕ ಆರೋಗ್ಯ ನಿರೀಕ್ಷಕ ತಿರುವೆಂಗಳಯ್ಯ. ಮೊಪೆಡ್-ವಾಹನನೂ, ನೋಟೀಸು-ಶರವರ್ಷ-ಪ್ರವೀಣನೂ, ಸಮಸ್ತ ಹೋಟೆಲು-ಕುಲ-ಕಂಪನನೂ ಆದ ಆತ ಲಂಚವನ್ನು ಮುಟ್ಟುತ್ತಿರಲಿಲ್ಲ. ಅದನ್ನು ಊರೇ ಒಪ್ಪುತ್ತಿತ್ತು. ಆದರೆ ತಿಂಡಿಯ ಮಾದರಿಯನ್ನು ಪರೀಕ್ಷಿಸುವುದರಲ್ಲಿ ಆತನ ನಿಷ್ಠೆ ಲೋಕೋತ್ತರವಾಗಿತ್ತು. ಬೇರೆ ನಿರೀಕ್ಷಕರು ಮಾದರಿಯನ್ನು ಶೀಶೆಗೆ ತುಂಬಿ ಪ್ರಯೋಗಾಲಯಕ್ಕೆ ಕಳಿಸಿದರೆ, ಈತ ತನ್ನ ಜಠರಾಗ್ನಿಯಲ್ಲೇ ಹೋಮಿಸಿ ಅಲ್ಲೇ ತೀರ್ಪು ಕೊಡುತ್ತಿದ್ದ. ಒಂದು ಹೋಟೆಲಿನಲ್ಲಿ ದೋಸೆಯ ಮಾದರಿ, ಮುಂದಿನದರಲ್ಲಿ ವಡೆಯ ಮಾದರಿ, ಕೊನೆಯದರಲ್ಲಿ ಕಾಫಿಯ ಮಾದರಿ. ಎಲ್ಲ ಕಡೆ ಎರಡೆರಡು ಮಾದರಿ, ತೀರ್ಪು ತಪ್ಪಾಗಬಾರದೆಂದು.

ಆತ ಬಂದು, ಅಡುಗೆ ಮನೆ ನೋಡಿ, ಒಲೆ ಉರಿಸಿ ನೋಡಿ, ಮಾದರಿ ತಿಂದು, ಸಹಿ ಹಾಕಬೇಕು. ಯಾವ ದಿನ ಬರುವನೆಂದು ಯಾರಿಗೂ ಗೊತ್ತಿರುತ್ತಿರಲಿಲ್ಲ. ಆದ್ದರಿಂದ ರಾಯರು ದಿನವೂ ನಸುಕಿನಲ್ಲೇ ಬಂದು ಪೆಟ್ಟಿಗೆ ತೊಳೆದು, ಒಂದು ಬಾಣಲೆ ಉಪ್ಪಿಟ್ಟು ಮಾಡಿ, ಗೂಡಿನಲ್ಲಿಟ್ಟ ವೆಂಕಟರಮಣನ ಪಟಕ್ಕೆ ನೈವೇದ್ಯ ತೋರಿಸಿ, ಕಾದು ಕುಳಿತರು. ಪರವಾನಗಿಯಿಲ್ಲದೆ ಮಾರುವಂತಿಲ್ಲ. ಹಾಗಾಗಿ ಅದನ್ನು ಪ್ರಸಾದವೆಂದು ಮೊದಲ ಬಸ್ಸಿನ ಸಿಬ್ಬಂದಿಗೆ ಹಂಚಿದರು. ಆ ಜನ ಎರಡೂ ಕೈಯಲ್ಲಿ ಪ್ರಸಾದ ತೆಗೆದುಕೊಂಡು ಎರಡನೆಯ ಸಲವೂ ಭಕ್ತಿಯಿಂದ ಬಂದರು. ನಿರೀಕ್ಷಕ ಬರಲಿಲ್ಲ. ಎರಡು ವಾರ ಹೊಗೆಯಾಡುವ ಉಪ್ಪಿಟ್ಟು ಆತನ ದಾರಿ ನೋಡಿತು. ಕೊನೆಗೆ ಏಕಾದಶಿ ಬಂತು, ರಾಯರು ಪೆಟ್ಟಿಗೆಗೆ ಬೀಗ ಹಾಕಿ ಮಠಕ್ಕೆ ಹೋದರು. ಅವತ್ತು ಆತ ಬಂದ. ಬೀಗವನ್ನು ಎಳೆದು ನೋಡಿ, 'ಸ್ಥಳದಲ್ಲಿ ಯಾವ ವ್ಯವಹಾರವೂ ಕಂಡುಬಂದಿಲ್ಲ' ಎಂಬ ಚೀಟಿ ಅಂಟಿಸಿ ಹೋದ.

ಮತ್ತೆ ಎರಡು ವಾರ ಬಾಣಲೆ ಉರಿಯಿತು. ಮತ್ತೆ ಏಕಾದಶಿ. ಈ ಸಲ ಜಾಣತನ ಮಾಡಿ ರಾಯರು ಬಾಗಿಲು ತೆರೆದು ಒಳಗೇ ಕುಳಿತಿದ್ದರು. ಮೊಪೆಡ್ಡು ಬಂದೇ ಬಂತು. ನಿರೀಕ್ಷಕ ನೆಲ ನೋಡಲಿಲ್ಲ, ಗೋಡೆ ನೋಡಲಿಲ್ಲ, ನೇರವಾಗಿ ಬಾಣಲೆಯ ಮುಚ್ಚಳ ಎತ್ತಿದ. ಒಳಗೆ ತನ್ನದೇ ಮುಖ ಹೊಳೆಯುತ್ತಿತ್ತು. ಇನ್ನೊಂದು ಪಾತ್ರೆ ತೆರೆದ, ಅಲ್ಲಿಯೂ ಅದೇ ಮುಖ, ಸ್ವಲ್ಪ ಉದ್ದವಾಗಿ. ರಾಯರು ವ್ರತದ ವಿಷಯ ಹೇಳತೊಡಗಿದರೆ ಆತ ಅದನ್ನು ಕೇಳುವ ಸ್ಥಿತಿಯಲ್ಲಿರಲಿಲ್ಲ. ಸರಕಾರಿ ಪರಿಶೀಲನೆಗೆ ತಿಥಿ ನಕ್ಷತ್ರ ಇಲ್ಲವೆಂದು ಗದರಿ, ಎದುರಿನ ಹೋಟೆಲಿಗೆ ದಾಪುಗಾಲು ಹಾಕಿದ. ಕೆಲವು ದಿನದಲ್ಲಿ ನೋಟೀಸು ಬಂತು. ಮುಂದಿನ ಪರಿಶೀಲನೆಯೇ ಕಡೆಯದು. ಅಂದೂ ಒಲೆ ಹೊತ್ತದಿದ್ದರೆ ಮಂಜೂರಾತಿ ರದ್ದು. ದಿನಾಂಕವನ್ನೂ ಹಾಕಿದ್ದರು. ರಾಯರು ಗೋಡೆಯ ಪಂಚಾಂಗದತ್ತ ತಿರುಗಿ ನೋಡಿ, ಕನ್ನಡಕ ಒರೆಸಿಕೊಂಡು ಮತ್ತೊಮ್ಮೆ ನೋಡಿದರು. ಏಕಾದಶಿಯೇ.

ದಶಮಿಯ ಮಧ್ಯಾಹ್ನ, ಒಪ್ಪೊತ್ತಿನ ಊಟ ಮುಗಿಸಿದ ಮಹಾವೀರನು ತಗಡಿನ ಪೆಟ್ಟಿಗೆಯ ನಡುವೆ, ಎರಡು ಸೈನ್ಯಗಳ ನಡುವೆ ರಥ ನಿಂತ ಹಾಗೆ, ಸ್ಟೂಲಿನ ಮೇಲೆ ಕುಳಿತನು. ಸೌಟು ಕೈಯಿಂದ ಜಾರಿತು. ಬಾಯಿ ಒಣಗಿತು. ಹೊರಗೆ ಮೊಬೈಲು ಕವರಿನವನು ಟೇಪು ಬಿಚ್ಚಿ ಈಗ ಎತ್ತರವನ್ನೂ ಅಳೆಯುತ್ತಿದ್ದ. ಆಗ ಸಾರಥಿ ದಸ್ತಗೀರ್ ಸಾಹೇಬರು ಬಂದು, ಕವರಿನವನಿಗೆ ಸ್ವಲ್ಪ ಆ ಕಡೆ ಸರಿಯಪ್ಪ ಎಂದು ಹೇಳಿ, ಅಡ್ಡಗಟ್ಟೆಗೆ ಒರಗಿ ನಿಂತರು.

"ಈ ಮನುಷ್ಯ ಹದಿನೈದು ದಿನಕ್ಕೊಂದ್ಸಲ ಮಾತ್ರ ರೌಂಡ್ಸಿಗೆ ಹೊರಡ್ತಾನಂತೆ ರಾಯ್ರೇ" ಎಂದರು ಸಾಹೇಬರು. "ಹೋಟ್ಲು ಹುಡುಗ್ರು ಹೇಳಿದ್ರು. ಅದು ಸರಿಯಾಗಿ ನಿಮ್ಮ ಉಪವಾಸದ ದಿನಾನೇ ಬೀಳ್ತೈತೆ. ಏನೋ ಲೆಕ್ಕ ಐತೆ ಇದ್ರಾಗೆ."

"ನನ್ನ ಕರ್ಮದ ಲೆಕ್ಕ" ಎಂದರು ರಾಯರು.

ಸಾಹೇಬರು ಧರ್ಮಸೂಕ್ಷ್ಮವನ್ನು ಗೇರು ಬದಲಿಸುವಷ್ಟೇ ನಿಧಾನವಾಗಿ ಬಿಡಿಸಿದರು. ರಂಜಾನಿನ ರೋಜಾ ಹಿಡಿದು ಘಾಟಿ ರಸ್ತೆಯಲ್ಲಿ ಬಸ್ಸು ಓಡಿಸಿದವರು ಅವರು. ಉಪವಾಸ ಹಿಡಿದವನ ಹಸಿವು ಅವನದು, ಅದು ಮುರಿಯಬಾರದು. ಆದರೆ ಬೇರೆಯವರಿಗೆ ಒಲೆ ಹಚ್ಚಿದರೆ ಹಿಡಿದ ವ್ರತ ಮುರಿಯುವುದಿಲ್ಲ ಎಂಬುದು ಅವರ ವಾದ.

"ನೀವು ಹಚ್ಬೇಡ್ರಿ. ನಾನು ಹಚ್ತೀನಿ, ನೀವು ಆ ಕಡೆ ತಿರುಗಿ ನಿಲ್ರಿ. ಉಪ್ಪಿಟ್ಟು ಕೆದಕೋಕೆ ನಂಗೂ ಬರ್ತೈತೆ."

ಇದು ನ್ಯಾಯವಾದ ಮಾತೇ. ರಾಯರು ತಲೆ ಬಗ್ಗಿಸಿ ಯೋಚಿಸಿದರು. ಗೋಡೆಗೆ ಮುಖಮಾಡಿ ನಿಂತಿದ್ದ ಬೋರ್ಡಿನ ಹಿಂಬದಿಯನ್ನು ನೋಡಿದರು.

"ಒಲೆ ಯಾರು ಹಚ್ಚಿದ್ರು ಅಂತ ಅಲ್ಲ ದಸ್ತಗೀರ್. ಅಂಗಡಿ ಅವಳದು. ಅವಳ ಅಂಗಡೀಲಿ ಏಕಾದಶಿ ದಿನ ಒಲೆ ಉರೀತು ಅಂದ್ರೆ, ನಾನು ಆ ಬೋರ್ಡಿನ ಮೇಲಿರೋ ಹೆಸರು ಅಳಿಸಬೇಕಾಗುತ್ತೆ."

"ಅಂಗಡೀನೇ ಹೋದ್ರೆ ಬೋರ್ಡು ಎಲ್ಲಿ ತೂಗಾಕ್ತೀರಿ?"

ಹೆಂಡತಿಯ ಆಸೆಯನ್ನು ಉಳಿಸಿಕೊಂಡರೆ ಹೆಂಡತಿಯ ವ್ರತ ಹೋಗುತ್ತದೆ. ವ್ರತವನ್ನು ಉಳಿಸಿಕೊಂಡರೆ ಆಸೆ ಮೊಬೈಲು ಕವರಾಗುತ್ತದೆ. ಎರಡೂ ಆಕೆಯವೇ. ಹಿಂದಿನ ವೀರರಿಗೆ ಶತ್ರುಗಳು ಹೊರಗಿನವರಾಗಿದ್ದರು; ಅವರ ಪುಣ್ಯ. ರಾಯರು ಬಹಳ ಹೊತ್ತಿನ ಮೇಲೆ ಎದ್ದು, ಬಿದ್ದ ಸೌಟನ್ನು ತೊಳೆದು ಮೊಳೆಗೆ ತಗುಲಿಸಿ, ಬೆಳಿಗ್ಗೆ ಬನ್ನಿ ಎಂದಷ್ಟೇ ಹೇಳಿದರು. ಸಾಹೇಬರಿಗೆ ಅರ್ಥವಾಯಿತು. ಒಲೆ ಹೊತ್ತುವುದಿಲ್ಲ.

ಏಕಾದಶಿಯ ಸೂರ್ಯನು, ಇಂಥ ಯುದ್ಧವನ್ನು ನೋಡಲು ಯಾವ ಜಾಗ ಒಳ್ಳೆಯದೆಂದು ಯೋಚಿಸಿ, ಕಡೆಗೆ ಬಸ್ ನಿಲ್ದಾಣದ ನೀರಿನ ಟ್ಯಾಂಕಿನ ಮೇಲೆ ಏರಿ ಕುಳಿತನು. ಕೆಳಗೆ ಖಾಕಿ ಸೈನ್ಯ ನೆರೆದಿತ್ತು. ಮೊದಲ ಬಸ್ಸಿನ ಡ್ರೈವರು ಕಂಡಕ್ಟರುಗಳು, ಪ್ರಸಾದದ ಋಣ ತೀರಿಸಲು, ಬಸ್ಸುಗಳನ್ನು ಕೋಟೆಗೋಡೆಯಂತೆ ಸಾಲಾಗಿ ನಿಲ್ಲಿಸಿ ಕೆಳಗಿಳಿದಿದ್ದರು. ಎದುರಿನ ಹೋಟೆಲಿನ ಮಾಣಿಗಳು, ಅವತ್ತಿನ ಮಾದರಿ ತಿಂಡಿಗಳನ್ನು ತಟ್ಟೆಗೆ ಹಾಕಿಟ್ಟು, ಬಾಗಿಲಿಗೆ ಬಂದು ನಿಂತಿದ್ದರು. ಹುಬ್ಬಳ್ಳಿಗೆ ಹೋಗಬೇಕಾದವರು ಹುಬ್ಬಳ್ಳಿಯನ್ನು ಮರೆತು ನೋಡುತ್ತಿದ್ದರು. ಕವರಿನ ವರ್ತಕ ಒಂದು ಚೀಲ ಕವರುಗಳನ್ನೂ ಒಂದು ಸುತ್ತಿಗೆಯನ್ನೂ ತಂದಿದ್ದ.

ಮೊಪೆಡ್ಡಿನ ಘೋರ ಘರ್ಜನೆ ಕೇಳಿಸಿತು. ಹಳೆಯ ಸೈಲೆನ್ಸರಾದ್ದರಿಂದ ಅದು ನಿಜವಾಗಿಯೂ ಘೋರವಾಗಿತ್ತು. ಕಂಕುಳಲ್ಲಿ ಕಡತವನ್ನು ಗದೆಯಂತೆ ಹಿಡಿದ ತಿರುವೆಂಗಳಯ್ಯ ಇಳಿದನು. ರಾಯರು ಚರ್ಮದ ಚೀಲದಿಂದ ಸೀಟಿ ತೆಗೆದು ಒಮ್ಮೆ ಊದಿದರು. ಅಭ್ಯಾಸಬಲದಿಂದ ಇಡೀ ನಿಲ್ದಾಣ ನಿಂತುಬಿಟ್ಟಿತು. ನಿರೀಕ್ಷಕನೂ ನಿಂತನು, ಆಮೇಲೆ ತಾನು ಯಾಕೆ ನಿಂತೆ ಎಂದು ಸಿಟ್ಟಾದನು.

ಪರಿಶೀಲನೆಯೆಂಬ ಯುದ್ಧ ಆರಂಭವಾಯಿತು. ನಿರೀಕ್ಷಕನು ನೊಣವೆಂಬ ಅಸ್ತ್ರವನ್ನು ಪ್ರಯೋಗಿಸಲು ನೋಡಿದನು, ಅಲ್ಲಿ ನೊಣವಿರಲಿಲ್ಲ. ತಿನ್ನಲು ಏನೂ ಇಲ್ಲದ ಕಡೆ ಅದಕ್ಕೇನು ಕೆಲಸ. ಜಿಡ್ಡೆಂಬ ಅಸ್ತ್ರವನ್ನು ಹೂಡಿ ಕಟ್ಟೆಯ ಮೇಲೆ ಬೆರಳು ಎಳೆದನು, ಬೆರಳು ಮೊದಲಿಗಿಂತ ಶುಭ್ರವಾಗಿ ಮರಳಿತು. ಹೊಗೆ, ಮಸಿ, ಹಳಸಿದ ಹಿಟ್ಟು, ಕರಿದು ಕರಿದು ಕಪ್ಪಾದ ಎಣ್ಣೆ, ಯಾವುದೂ ಇಲ್ಲ. ಸಿರಿಗುಂದದಲ್ಲಿ ಅಷ್ಟು ಚೊಕ್ಕಟವಾದ ಅಡುಗೆ ಮನೆ ಇನ್ನೊಂದಿರಲಿಲ್ಲ. ಅಡುಗೆಯೇ ಇಲ್ಲದ ಅಡುಗೆ ಮನೆ ಅದೊಂದೇ. ಬಾಣಗಳೆಲ್ಲ ಮುಗಿದು ಬತ್ತಳಿಕೆ ಖಾಲಿಯಾಗುತ್ತಲೇ ನಿರೀಕ್ಷಕನು ಬ್ರಹ್ಮಾಸ್ತ್ರವನ್ನು ತೆಗೆದನು.

"ಒಲೆ ಹಚ್ರಿ."

ರಾಯರು ಪೆಟ್ಟಿಗೆಯಿಂದ ಹೊರಗೆ ಬಂದು, ಎದುರಾಳಿಗೆ ಕೈಮುಗಿದು, ಟಿಕೆಟ್ಟಿಲ್ಲದವನನ್ನು ಕೂಡ ಏಕವಚನದಲ್ಲಿ ಕರೆಯದ ತಮ್ಮ ಎಂದಿನ ದನಿಯಲ್ಲಿ ಹೇಳಿದರು.

"ಇವತ್ತು ಹಚ್ಚೋದಿಲ್ಲ ಸ್ವಾಮಿ. ನಿಮಗೆ ಕಾರಣ ಬಿಡಿಸಿ ಹೇಳ್ಬೇಕಾಗಿಲ್ಲ. ನಿಮ್ಮ ತಾಯಿ ಅಲಮೇಲಮ್ಮನವರು ಅಲ್ಲವೇ? ಪ್ರತಿ ಏಕಾದಶಿ ತಾಮ್ರದ ಚೊಂಬು ಹಿಡ್ಕೊಂಡು, ಹೊಳೆದಂಡೆ ರಂಗನಾಥನ ಗುಡಿಗೆ ನಮ್ಮ ಬಸ್ಸಿನಲ್ಲೇ ಬರ್ತಿದ್ರು. ಒಂದು ಹನಿ ನೀರು ಕುಡೀತಿರಲಿಲ್ಲ, ಮುಂದಿನ ಸೀಟು ಬಿಡಿಸಿ ಕೂರಿಸ್ತಿದ್ದೆ. ದಾರಿ ಉದ್ದಕ್ಕೂ ಒಂದೇ ಮಾತು: ಕಂಡಕ್ಟರೇ, ನಮ್ಮನೇಲಿ ಇವತ್ತು ಒಲೆ ಹತ್ತಲ್ಲ. ನನ್ನ ಮಗ ಪುರಸಭೇಲಿ ಇದ್ದಾನೆ, ಊರ ತುಂಬ ಹೋಟ್ಲು ಸುತ್ತೋ ಕೆಲಸ; ಆದ್ರೂ ಏಕಾದಶಿ ದಿನ ಅವನ ಬಾಯಿಗೆ ಒಂದಗುಳು ಹೋಗಲ್ಲ."

ಎದುರಿನ ಹೋಟೆಲಿನ ಬಾಗಿಲಿನಲ್ಲಿ ಒಬ್ಬ ಮಾಣಿ ಕೆಮ್ಮಿದನು, ಅದು ಕೆಮ್ಮಾಗಿರಲಿಲ್ಲ. ದಸ್ತಗೀರ್ ಸಾಹೇಬರು ಕಣ್ಣು ಅಗಲಿಸಿ ನಿರೀಕ್ಷಕನನ್ನು ನೋಡಿದರು, ಹದಿನೈದು ದಿನಕ್ಕೊಮ್ಮೆಯ ಲೆಕ್ಕ ಅವರಿಗೆ ಆಗ ಬಗೆಹರಿಯಿತು. ಮನೆಯಲ್ಲಿ ಒಲೆ ಹೊತ್ತದ ದಿನವೇ ಆತ ಊರಿನ ಒಲೆಗಳನ್ನು ಪರಿಶೀಲಿಸಲು ಹೊರಡುತ್ತಿದ್ದ. ನಿಲ್ದಾಣದಲ್ಲಿ ಒಬ್ಬರನ್ನು ಬಿಟ್ಟು ಎಲ್ಲರಿಗೂ ಇದು ಏಕಕಾಲಕ್ಕೆ ಹೊಳೆಯಿತು. ಹೊಳೆಯದಿದ್ದವರು ರಾಯರು. ಅವರ ಕಣ್ಣಿನಲ್ಲಿ ಕುಹಕದ ಎಳೆಯೂ ಇರಲಿಲ್ಲ, ಅದೇ ಭಯಂಕರ. ಅವರು ಅಲಮೇಲಮ್ಮನವರ ಮಾತನ್ನು ಅಷ್ಟೂ ವರ್ಷ ನಂಬಿದ್ದರು.

ಆ ಗಳಿಗೆಯಲ್ಲಿ ತಿರುವೆಂಗಳಯ್ಯನ ಉದರದ ಆಳದಿಂದ, ಪಾಂಚಜನ್ಯ ದೇವದತ್ತಗಳನ್ನು ಒಟ್ಟಿಗೆ ಊದಿದಂತೆ, ಒಂದು ಮಹಾನಾದ ಹೊರಟಿತು. ನೀರಿನ ಟ್ಯಾಂಕಿನ ಮೇಲಿನ ಕಾಗೆಗಳು ಎದ್ದವು. ರಾಯರು ಆ ಸದ್ದಿಗೆ ತಲೆ ಬಾಗಿಸಿ, ತಮ್ಮ ಬತ್ತಿದ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡರು.

"ನೋಡಿ, ನೀವೂ ಹಸಿದೇ ಬಂದಿದ್ದೀರಿ. ಹಸಿದವರ ಕಷ್ಟ ಹಸಿದವರಿಗೇ ಗೊತ್ತು. ನನ್ನ ಹೆಂಡತಿ ಇರೋ ತನಕ ನಾನು ಈ ವ್ರತ ಹಿಡಿಯಲಿಲ್ಲ. ನೀವು ತಾಯಿ ಇರುವಾಗಲೇ ಹಿಡಿದಿದ್ದೀರಿ, ದೊಡ್ಡೋರು ನೀವು. ನೀವೇ ಹೇಳಿ. ಇವತ್ತು ನಾನು ಹಚ್ಚಲಾ?"

ಗದೆಯ ಏಟಿಗೆ ಗುರಾಣಿಯುಂಟು, ಬಾಣಕ್ಕೆ ಕವಚವುಂಟು. ಮರ್ಯಾದೆಗೆ ಏನೂ ಇಲ್ಲ. ತಿರುವೆಂಗಳಯ್ಯನು ಹೋಟೆಲಿನ ಬಾಗಿಲನ್ನು ನೋಡಿದನು. ಅಲ್ಲಿ ತಟ್ಟೆಯಲ್ಲಿದ್ದ ವಡೆ ಆರುತ್ತಿತ್ತು. ಖಾಕಿ ಸೈನ್ಯವನ್ನು ನೋಡಿದನು. ಅವರಲ್ಲಿ ಅರ್ಧ ಜನ ದಿನವೂ ಅವನ ತಾಯಿಯ ಬೀದಿಯಲ್ಲೇ ಬಸ್ಸು ಓಡಿಸುವವರು. ಕಡೆಗೆ ರಾಯರನ್ನು ನೋಡಿದನು. ಅವರ ಮುಖವನ್ನು ಮಾತ್ರ ಬಹಳ ಹೊತ್ತು ನೋಡಲಾಗಲಿಲ್ಲ.

ಸಾರಥಿಯಾದವನು ಇಂಥ ಕಡೆ ಸುಮ್ಮನಿರಬಾರದು. "ಸಾರ್, ಪರಿಶೀಲನೆ ಇವತ್ತು ಅರ್ಧ ಆಗೈತೆ, ಎಲ್ಲಾ ಚೊಕ್ಕ ಐತೆ" ಎಂದರು ದಸ್ತಗೀರ್ ಸಾಹೇಬರು, ಬಹಳ ಮೆತ್ತಗೆ. "ಇನ್ನರ್ಧ ನಾಳೆ ಬೆಳಿಗ್ಗೆ ಮಾಡಿದ್ರೆ ಸರಕಾರ ಬೇಡ ಅಂತೈತಾ? ಬೇಕಾದ್ರೆ ಅವ್ವಾರನ್ನೇ ಒಂದು ಮಾತು ಕೇಳಿ ಬರೋಣ, ಬಸ್ಸೂ ಐತೆ."

ಅವ್ವನನ್ನು ಕೇಳುವ ಅಗತ್ಯ ಬೀಳಲಿಲ್ಲ. ನಿರೀಕ್ಷಕನು ಕಡತವನ್ನು ಮೊಪೆಡ್ಡಿನ ಸೀಟಿನ ಮೇಲಿಟ್ಟು, 'ಪರಿಶೀಲನೆ ಮುಂದುವರಿದಿದೆ' ಎಂದು ಬರೆದನು. ಬರೆದು, ಎದುರಿನ ಹೋಟೆಲಿನ ಕಡೆಗೆ ಒಂದು ಹೆಜ್ಜೆ ಇಟ್ಟನು. ಆದರೆ ವ್ರತನಿಷ್ಠರಿಗೆ ಸಲ್ಲಬೇಕಾದ ಗೌರವವನ್ನು ರಾಯರು ಕೊಡದೆ ಬಿಟ್ಟಾರೆಯೇ? ಮುಂದೆ ನಡೆದು, ಸೀಟಿ ಊದಿ, ಜನರನ್ನು ಎರಡು ಬದಿಗೆ ಸರಿಸಿ, ಉಪವಾಸದವರು ಹೋಗ್ತಿದ್ದಾರೆ ದಾರಿ ಬಿಡಿ ಎಂದು ಕೂಗುತ್ತ, ಪೇಟೆಯ ಕೊನೆಯ ಹೋಟೆಲು ದಾಟುವ ತನಕ ಕಳಿಸಿಕೊಟ್ಟು ಬಂದರು. ಒಂದೊಂದು ಹೋಟೆಲಿನ ಮುಂದೆಯೂ ಮಾಣಿಗಳು ಕೈಮುಗಿದು ನಿಂತರು. ಅವತ್ತು ತಿರುವೆಂಗಳಯ್ಯನು, ಉದ್ಯೋಗ ಹಿಡಿದ ಮೇಲೆ ಮೊದಲ ಬಾರಿಗೆ, ಪೂರ್ಣ ಏಕಾದಶಿಯನ್ನು ಆಚರಿಸಿದನು. ಸಂಜೆ ಮಗನ ಬಾಡಿದ ಮುಖ ನೋಡಿ ಅಲಮೇಲಮ್ಮನವರು, ಇವತ್ತೇಕೋ ನಿನ್ನ ಮುಖದಲ್ಲಿ ಕಳೆ ಜಾಸ್ತಿ ಇದೆ ಎಂದರಂತೆ.

ದ್ವಾದಶಿಯ ನಸುಕಿನಲ್ಲಿ ರಾಯರು ಒಲೆ ಹಚ್ಚಿದರು. ಸಾಸಿವೆ ಸಿಡಿಯಿತು. ಹುರಿದ ರವೆಯ, ಕರಿಬೇವಿನ, ಹಸಿಮೆಣಸಿನ ಗಮ ನಿಲ್ದಾಣದ ಮೂಲೆಮೂಲೆಗೂ ಹೋಗಿ ಮಲಗಿದ್ದ ನಾಯಿಯನ್ನೂ ಎಬ್ಬಿಸಿತು. ವೆಂಕಟರಮಣನಿಗೆ ನೈವೇದ್ಯವಾಗಿ ಬಾಗಿಲು ತೆರೆಯುವಷ್ಟರಲ್ಲಿ ಸಾಲಿನಲ್ಲಿ ಮೊದಲಿಗನಾಗಿ, ಖಾಕಿ ಸೈನ್ಯಕ್ಕಿಂತ ಮುಂದೆ, ಮೊಪೆಡ್ಡನ್ನು ದೂರದಲ್ಲೇ ನಿಲ್ಲಿಸಿ ಬಂದ ಆರೋಗ್ಯ ನಿರೀಕ್ಷಕ ನಿಂತಿದ್ದನು. ಆತ ಒಲೆಯನ್ನು ನೋಡಲಿಲ್ಲ. ಗಾಳಿಯ ಕಿಂಡಿಯನ್ನು ನೋಡಲಿಲ್ಲ. ಕಾಗದವನ್ನು ಅಡ್ಡಗಟ್ಟೆಯ ಮೇಲೆ ಹರಡಿ ಸಹಿ ಹಾಕಿ, ಆ ನೀಲಿ ಮೈಯ ದೇವತೆಯನ್ನು ತನ್ನ ಕೈಯಿಂದಲೇ ಒತ್ತಿ, ಕೈ ಚಾಚಿದನು. ಮಾದರಿಯೆಂದು ಕೇಳಲಿಲ್ಲ. ಜೇಬಿನಿಂದ ನೋಟು ತೆಗೆದನು.

ರಾಯರು ಬೋರ್ಡನ್ನು ತಿರುಗಿಸಿದರು. ದಸ್ತಗೀರ್ ಸಾಹೇಬರು ಅದನ್ನು ಎತ್ತಿ ಹಿಡಿದರು, ಕವರಿನ ವರ್ತಕ ತಂದಿದ್ದ ಸುತ್ತಿಗೆಯಿಂದಲೇ ಮೊಳೆ ಹೊಡೆದರು. ಎಷ್ಟು ಎತ್ತರಕ್ಕೆ ಹೊಡೆಯಬೇಕೆಂದು ಅವನೇ ಟೇಪು ಹಿಡಿದು ಹೇಳಿದನು. ವೇಣೂಬಾಯಿಯ ಹೆಸರು ಬೀದಿಯ ಕಡೆಗೆ ಮುಖಮಾಡಿತು. ಪ್ಲೇಟಿಗೆ ಮುತ್ತುಗದ ಎಲೆ ಹಾಸಿ, ಅದರ ಮೇಲೆ ಮೇರುಪರ್ವತದಂತೆ ಮೊದಲ ಉಪ್ಪಿಟ್ಟನ್ನು ಬಡಿಸಿ, ರಾಯರು ಗೆದ್ದ ರಾಜನು ಸೋತ ರಾಜನಿಗೆ ರಾಜ್ಯವನ್ನು ಮರಳಿಸುವ ಗಾಂಭೀರ್ಯದಿಂದ ಕೊಟ್ಟರು. ಏಳು ಸುತ್ತಿನ ಕೋಟೆ, ಎರಡು ಸೋಲು, ಒಂದು ಮಹಾಯುದ್ಧ, ಎಲ್ಲವೂ ಆ ತಟ್ಟೆಯ ಮೇಲೆ ಹಬೆಯಾಡುತ್ತಿತ್ತು. ಇಡೀ ನಿಲ್ದಾಣ ಆತನ ಬಾಯನ್ನೇ ನೋಡಿತು. ತಿರುವೆಂಗಳಯ್ಯನು ಒಂದು ತುತ್ತು ಇಟ್ಟನು. ಕಣ್ಣು ಮುಚ್ಚಿದನು. ಎರಡನೆಯ ತುತ್ತು ಇಟ್ಟನು. ನುಂಗಿ, ಬಹಳ ಯೋಚಿಸಿ, ತೀರ್ಪು ಕೊಟ್ಟನು.

"ಉಪ್ಪು ಒಂಚೂರು ಕಮ್ಮಿ."

ರಾಯರ ಸೌಟು ಗಾಳಿಯಲ್ಲೇ ನಿಂತಿತು. ಈ ಮಾತು ಅವರಿಗೆ ಬಹಳ ಪರಿಚಿತವಾದದ್ದು. ಏಕೆಂದರೆ ಜೀವಮಾನವೆಲ್ಲ ಅದನ್ನು ಹೇಳುತ್ತಿದ್ದವರು ಅವರೇ. ಮಣೆಯ ಮೇಲೆ ಕುಳಿತು, ಮೊದಲ ತುತ್ತಿಗೇ, ದಿನ ತಪ್ಪದೆ. ನೈವೇದ್ಯಕ್ಕೆ ಮುಂಚೆ ಅಡುಗೆಯ ರುಚಿ ನೋಡುವಂತಿಲ್ಲ. ಉಪ್ಪನ್ನು ಕೈಯಂದಾಜಿನಲ್ಲಿ ಹಾಕಬೇಕು, ಕೈಯಂದಾಜು ಒಂದೊಂದು ದಿನ ತಪ್ಪುತ್ತದೆ. ಅದನ್ನು ಅಷ್ಟು ವರ್ಷ ತಿಂದವನಿಗೆ ಗೊತ್ತಿರಲಿಲ್ಲ. ಇವತ್ತು ಮಾಡಿ ಬಡಿಸಿದವನಿಗೆ ಗೊತ್ತಾಯಿತು. ಅಡುಗೆ ಮನೆಯೊಳಗಿಂದ ತಿರುಗಿಯೂ ನೋಡದೆ ವೇಣೂಬಾಯಿ ಕೊಡುತ್ತಿದ್ದ ಉತ್ತರ ಒಂದೇ. ರಾಯರು ಕಟ್ಟೆಯ ಆ ತುದಿಯನ್ನು ಗದ್ದದಿಂದಲೇ ತೋರಿಸಿ, ನಿರೀಕ್ಷಕನಿಗೆ ಅದನ್ನೇ ಕೊಟ್ಟರು.

"ಡಬ್ಬಿ ಅಲ್ಲೇ ಇದೆ. ಕೈ ಇದೆಯಲ್ಲ, ಹಾಕ್ಕೊಳ್ಳಿ."

ತಟ್ಟೆ ಹಿಡಿದು ನಿಂತಿದ್ದ ದಸ್ತಗೀರ್ ಸಾಹೇಬರು ಅಗಿಯುವುದನ್ನು ನಿಲ್ಲಿಸಿ ರಾಯರನ್ನು ನೋಡಿದರು. ರಾಯರು ಆ ಕಡೆ ತಿರುಗಿ, ಒರೆಸಿಯಾಗಿದ್ದ ಬಾಣಲೆಯ ಮುಚ್ಚಳವನ್ನು ಮತ್ತೊಮ್ಮೆ ಒರೆಸುತ್ತಿದ್ದರು. ಹುಬ್ಬಳ್ಳಿ ಬಸ್ಸು ಹಾರನ್ನು ಹೊಡೆಯಿತು. ನೋಟೀಸು-ಶರವರ್ಷ-ಪ್ರವೀಣನಾದ ತಿರುವೆಂಗಳಯ್ಯನು ಡಬ್ಬಿಯ ಮುಚ್ಚಳ ತೆಗೆದು, ಎರಡು ಬೆರಳಿನಲ್ಲಿ ಚಿಟಿಕೆ ಉಪ್ಪು ಹಾಕಿಕೊಂಡು, ಕಲಸಿ, ಉಳಿದದ್ದನ್ನು ತಿಂದನು.